ಬೂದಿ ತುಂಬಿದ ಪೆಟ್ಟಿಗೆ ಮತ್ತು ಮಾನ್ವಿಯ ಗುಡ್ಡ

ಆಚೆ ದಡದ ಕೆಲಸ ಮುಗಿಸಿ ಗೂಗಲ್ ಹಳ್ಳಿಯ ಬಳಿ ಕೃಷ್ಣೆಯನ್ನು ದಾಟುವಾಗ ನಮ್ಮ ಹರಗೋಲಿಗೆ ನೀರು ನುಗ್ಗಿತು. ಮನುಷ್ಯರಿಗೆ ಏನೂ ಆಗಲಿಲ್ಲ. ಎಲ್ಲರ ಮೊಣಕಾಲು ತೊಯ್ದವು, ಅಂಬಿಗ ನಕ್ಕ, ನಮ್ಮ ಹಿರಿಯ ಅಧಿಕಾರಿಗಳು ಸಿಟ್ಟಾದರು. ಆದರೆ ಎಣಿಕೆ ಯಂತ್ರದ ಪೆಟ್ಟಿಗೆ ಹರಗೋಲಿನ ತಳದಲ್ಲಿತ್ತು. ದಡ ಮುಟ್ಟಿ ಮುಚ್ಚಳ ತೆರೆದಾಗ ಎರಡು ಗಾಜಿನ ಕೊಳವೆಗಳಲ್ಲಿ ಒಂದು ಸೀಳಿತ್ತು. ಉಳಿದದ್ದರ ಸುತ್ತ ತುಂಬಿದ್ದ ಅರಳೆ ನೀರು ಕುಡಿದು ಮುದ್ದೆಯಾಗಿತ್ತು.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷದ ಮಾತು ಇದು. ಜಪಾನಿನ ಮೇಲೆ ಬಾಂಬು ಬಿದ್ದ ಮೇಲೆ ಎಲ್ಲ ಸರ್ಕಾರಗಳಿಗೂ ಯುರೇನಿಯಂ ಹುಡುಕುವ ಗೀಳು ಹತ್ತಿತ್ತು. ರಾಯಚೂರು ಸೀಮೆಯ ಗುಡ್ಡಗಳಲ್ಲಿ ಏನಾದರೂ ಇದೆಯೇ ನೋಡಿ ಬನ್ನಿ ಎಂದು ನಮ್ಮನ್ನು ಕಳಿಸಿದ್ದರು. ನಮ್ಮನ್ನು ಅಂದರೆ ಮೈಸೂರು ಕಡೆಯ ಒಬ್ಬ ಹಿರಿಯ ಭೂವಿಜ್ಞಾನಿ ಮತ್ತು ಅವರ ಕೈಕೆಳಗೆ ತಾತ್ಕಾಲಿಕ ಸಹಾಯಕನಾಗಿ ನಾನು. ನಾನು ರಾಯಚೂರಿನವನೇ, ಕೋಟೆಯ ಬಾಗಿಲ ಹತ್ತಿರ ಬೆಳೆದವನು. ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಭೌತಶಾಸ್ತ್ರ ಓದಿದ್ದೆ. ಪರಮಾಣು ನನಗೆ ಮೊದಲು ಪರಿಚಯವಾದದ್ದು ಜೌಹರ್ ಎಂಬ ಹೆಸರಿನಲ್ಲಿ, ಎಲೆಕ್ಟ್ರಾನ್ ಬರ್ಕಿಯಾ ಎಂಬ ಹೆಸರಿನಲ್ಲಿ. ಇವನ್ನೆಲ್ಲ ಮನೆಯ ಕನ್ನಡದಲ್ಲಿ ಯಾರಿಗಾದರೂ ಹೇಳಬೇಕಾದೀತು ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಯಂತ್ರದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಗಾಜಿನ ಕೊಳವೆಯೊಳಗೆ ತೆಳ್ಳನೆಯ ತಂತಿ, ಸ್ವಲ್ಪ ಅನಿಲ. ಬ್ಯಾಟರಿಗಳ ಸಾಲಿನಿಂದ ಅದಕ್ಕೆ ಭಾರಿ ವೋಲ್ಟೇಜು. ಕಿರಣವೊಂದು ಒಳಗೆ ಹಾದುಹೋದರೆ ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಟಿಕ್ ಎನ್ನುತ್ತದೆ. ಕೈಗಡಿಯಾರ ನೋಡುತ್ತ ಟಿಕ್‌ಗಳನ್ನು ಎಣಿಸುವುದೇ ನನ್ನ ಉದ್ಯೋಗ. ಕೊಳವೆಗೆ ಹಿತ್ತಾಳೆಯ ಕವಚವಿತ್ತು. ದುರ್ಬಲ ಕಿರಣಗಳು ಅದರಲ್ಲೇ ನಿಂತುಬಿಡುತ್ತವೆ, ಗಾಮಾ ಕಿರಣಗಳಷ್ಟೇ ಒಳಗೆ ಬರುತ್ತವೆ. ಏನೂ ಇಲ್ಲದ ಕಡೆಯೂ ಒಂದಿಷ್ಟು ಟಿಕ್ ಇದ್ದೇ ಇರುತ್ತದೆ, ಆಕಾಶದಿಂದ ಬರುವ ಕಿರಣಗಳಿಂದ, ನೆಲದಿಂದ. ಅದನ್ನು ಹಿನ್ನೆಲೆ ಎಣಿಕೆ ಎನ್ನುತ್ತೇವೆ. ನಮ್ಮ ಹಿನ್ನೆಲೆ ಎಣಿಕೆಯನ್ನು ಹೊರಡುವ ಮೊದಲು ರಾಯಚೂರಿನ ಹೊರಗಿನ ಎರೆ ಹೊಲದಲ್ಲಿ ತೆಗೆದಿದ್ದೆ.

ಒದ್ದೆ ಯಂತ್ರಕ್ಕೆ ಬುದ್ಧಿ ನೆಟ್ಟಗಿರುವುದಿಲ್ಲ. ದೇವದುರ್ಗದ ಬಿಡಾರದಲ್ಲಿ ಅದನ್ನು ಚಾಲೂ ಮಾಡಿದರೆ ಹುರಿಗಡಲೆ ಸಿಡಿದ ಹಾಗೆ ಚಟಪಟ. ಅದು ಕಿರಣವಲ್ಲ, ತೇವದ ಮೇಲೆ ಸೋರುತ್ತಿದ್ದ ವಿದ್ಯುತ್ತು. ಎರಡು ದಿನ ಬಿಸಿಲಿಗಿಟ್ಟೆ. ಹಗಲು ಸುಮ್ಮನಾಗುತ್ತಿತ್ತು, ಬೆಳಗಿನ ಮಂಜಿಗೆ ಮತ್ತೆ ಶುರು. ಕೊನೆಗೆ ಅದರ ರೋಗಕ್ಕೆ ಔಷಧ ಹೇಳಿದವಳು ನಮ್ಮ ಅಡಿಗೆಯವ್ವ.

ಅವಳು ದೇವದುರ್ಗದವಳು, ವಿಧವೆ, ಹಣೆತುಂಬ ವಿಭೂತಿ. ಬಿಡಾರದ ಅಡಿಗೆಗೆಂದು ನಾವು ಗೊತ್ತು ಮಾಡಿಕೊಂಡಿದ್ದೆವು. ಬಂದ ದಿನವೇ ಬಿಡಾರದ ಯಜಮಾನಿಕೆಯನ್ನೂ ತೆಗೆದುಕೊಂಡಳು. ನನ್ನನ್ನು ತಮ್ಮಾ ಎಂದು ಕರೆಯುತ್ತಿದ್ದಳು, ಹಿರಿಯರನ್ನು ಸಾಹೇಬ್ರ ಎಂದು. ಬೈಯುವಾಗ ಇಬ್ಬರಿಗೂ ಒಂದೇ ಧಾಟಿ.

"ಅರಳಿ ನೀರು ಕುಡೀತದ ತಮ್ಮಾ," ಅಂದಳು. "ಬಿತ್ತೋ ಜ್ವಾಳ ನಾವು ಬೂದ್ಯಾಗ ಇಡ್ತೀವಿ. ಮಳಿಗಾಲ ಪೂರಾ ಹುಳಾನೂ ಹತ್ತಂಗಿಲ್ಲ, ಹಸೀನೂ ಹತ್ತಂಗಿಲ್ಲ. ನಿನ್ನ ಗಾಜಿನ ನಳಿಗಿ ಬಿತ್ತೋ ಜ್ವಾಳಕಿಂತ ಹೆಚ್ಚಿಂದೇನು?"

ಅಲ್ಲಿಯ ಒಲೆಗಳಲ್ಲಿ ಉರಿಯುವುದು ಹತ್ತಿಕಟ್ಟಿಗೆ. ಅದರ ಬೂದಿ ನುಣುಪಾಗಿ, ಬಿಳಿಯಾಗಿ ಬೀಳುತ್ತದೆ. ಅವಳು ಓಣಿಯ ಮನೆಗಳಿಂದ ಎರಡು ಬುಟ್ಟಿ ಬೂದಿ ತರಿಸಿ, ಜರಡಿ ಹಿಡಿದು, ಹಂಚಿನ ಮೇಲೆ ಬಿಸಿ ಮಾಡಿ, ಹಳೆ ಸೀರೆಯ ಬಟ್ಟೆಯಲ್ಲಿ ಪುಟ್ಟ ಪುಟ್ಟ ಚೀಲ ಹೊಲಿದು ತುಂಬಿದಳು. ಪೆಟ್ಟಿಗೆಯ ನಾಲ್ಕೂ ಬದಿಗೆ, ತಳಕ್ಕೆ ಆ ಚೀಲಗಳನ್ನು ಒತ್ತಿ ಜೋಡಿಸಿದಳು. ಮಧ್ಯದಲ್ಲಿ ಕೊಳವೆ ಕೂಸಿನ ಹಾಗೆ ಮಲಗಿತು. ಚಟಪಟ ನಿಂತೇಹೋಯಿತು. ಹಿರಿಯರು ಕೂಡ ಮುಚ್ಚಳ ತೆರೆದು ನೋಡಿ, "ಭೇಷ್, ಇದನ್ನ ನಮ್ಮ ಇಲಾಖೆಗೆಲ್ಲ ಹೇಳಿಕೊಡಬೇಕು," ಅಂದರು.

ಅಡಿಗೆಯವ್ವನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಮಾನ್ವಿಯ ಕಡೆ ಹೊರಟೆವು.

ನಮಗೆ ತೋರಿಸಿದ್ದ ಗುಡ್ಡ ಮಾನ್ವಿಗೂ ಪೋತ್ನಾಳಕ್ಕೂ ನಡುವೆ ಇತ್ತು. ಕೆಂಪು ಛಾಯೆಯ ಗ್ರಾನೈಟು, ನಡುನಡುವೆ ಮಾಂಸದ ಬಣ್ಣದ ದಪ್ಪ ಹರಳಿನ ಪಟ್ಟೆಗಳು. ಬುಡದಲ್ಲಿ ಕಲ್ಲೊಡೆಯುವವರ ಗುಡಿಸಲುಗಳು. ಬೀಸುವ ಕಲ್ಲು, ಒಳಕಲ್ಲು, ಬಾವಿ ಕಟ್ಟುವ ಕಲ್ಲು, ಸುತ್ತಿನ ಹಳ್ಳಿಗಳಿಗೆಲ್ಲ ಅಲ್ಲಿಂದಲೇ ಹೋಗುತ್ತಿತ್ತು. ಅವರ ಯಜಮಾನ ಒಬ್ಬ ಮುದುಕ. ಎಲ್ಲರೂ ಮುತ್ಯಾ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ನಾವು ಗಾಡಿ ಇಳಿದ ಕೂಡಲೇ ಮುತ್ಯಾ ಹೊಸ ಕೊಡದಲ್ಲಿ ನೀರು ತಂದು ದೂರದಲ್ಲಿ ಇಟ್ಟು ನಿಂತ.

"ನಮ್ಮ ನೀರು ನಮ್ಮತ್ರ ಅದ," ಎಂದಳು ಅಡಿಗೆಯವ್ವ. ಸಿಟ್ಟಿನಿಂದಲ್ಲ, ಉಪ್ಪು ಸಾಕು ಎಂದ ಹಾಗೆ. ಮುತ್ಯಾನೂ ಸಿಟ್ಟಾಗದೆ ಕೊಡ ಎತ್ತಿಕೊಂಡು ಹೋದ. ಹಿರಿಯರು ನಕಾಶೆ ಬಿಡಿಸುತ್ತಿದ್ದರು. ನಾನು ನೋಡಿಯೂ ನೋಡದವನಂತೆ ಪೆಟ್ಟಿಗೆ ಇಳಿಸತೊಡಗಿದೆ.

ಪೆಟ್ಟಿಗೆಯನ್ನು ಇಬ್ಬರು ಹೊತ್ತು ಗುಡ್ಡ ಹತ್ತಿಸಿದರು. ಎಡವಿದರೆ ಇರುವ ಒಂದೇ ಕೊಳವೆ ಹೋದೀತೆಂಬ ಭಯಕ್ಕೆ ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಕೂಡದು ಎಂದು ಹಿರಿಯರ ಕಟ್ಟಪ್ಪಣೆ. ಪೆಟ್ಟಿಗೆಯನ್ನೇ ಬಂಡೆಯ ಮೇಲಿಟ್ಟು ಎಣಿಸಿದೆ. ಎಣಿಕೆ ಹಿನ್ನೆಲೆಯ ಎರಡರಷ್ಟಕ್ಕೂ ಹೆಚ್ಚಿತ್ತು. ಬೇರೆ ಬಂಡೆಯ ಮೇಲಿಟ್ಟೆ, ಅಷ್ಟೇ. ಪಟ್ಟೆಯ ಮೇಲಿಟ್ಟೆ, ಇನ್ನೂ ತುಸು ಹೆಚ್ಚು. ಹಿರಿಯರು ನನ್ನ ಕಿವಿಯಿಂದ ಹೆಡ್‌ಫೋನು ಕಿತ್ತುಕೊಂಡು ತಾವೇ ಕೇಳಿದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಸರ್ಕಾರದ ಗಾಡಿ ಯಾವಾಗಲೂ ನಿಧಾನ ಎನ್ನುತ್ತಾರೆ. ಈ ಸಲ ಅದಕ್ಕೆ ರೆಕ್ಕೆ ಬಂದಿತ್ತು. ಹಿರಿಯರು ರಾಯಚೂರಿಗೆ ಸುದ್ದಿ ಮುಟ್ಟಿಸಿದ್ದೇ ತಡ, ಗುಡ್ಡವನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳುತ್ತದೆ, ಬುಡದ ಗುಡಿಸಲುಗಳು ಮುಂದಿನ ಸಂತೆಯೊಳಗೆ ಖಾಲಿಯಾಗಬೇಕು, ಸುತ್ತ ಗಡಿಕಲ್ಲು ನೆಡಬೇಕು ಎಂದು ಹುಕುಂ ಬಂತು. ಪಕ್ಕಾ ಆದೇಶಕ್ಕೆ ನಮ್ಮ ವರದಿ ಬೇಕಿತ್ತು, ವರದಿಯ ಎಣಿಕೆಗಳ ಕೆಳಗೆ ನನ್ನ ಸಹಿ ಬೇಕಿತ್ತು. ಗಡಿಕಲ್ಲು ಕಡಿಯುವ ಕೆಲಸವನ್ನು ಆ ಗುಡಿಸಲಿನವರಿಗೇ ವಹಿಸಿದರು. ಕಲ್ಲು ಕಡಿಯಲು ಹತ್ತಿರದಲ್ಲಿ ಬೇರೆ ಯಾರಿದ್ದಾರೆ?

ಮುತ್ಯಾ ಉಳಿ ಹಿಡಿದು ಮೊದಲನೆಯ ಕಲ್ಲಿನ ಮುಂದೆ ಕುಳಿತಿದ್ದಾಗ ನಾನು ಹತ್ತಿರ ಹೋದೆ.

"ಯಪ್ಪಾ, ಒಂದು ಕೇಳ್ತೀನ್ರಿ," ಅಂದ. "ನಮ್ಮ ಗುಡ್ಡದಾಗ ಏನದ?"

"ಕಣ್ಣಿಗಿ ಕಾಣದ ಕಿರಣ ಬರ್ತಾವಂತ ಯಂತ್ರ ಹೇಳ್ತದ, ಮುತ್ಯಾ."

"ನಮ್ಮಪ್ಪ ಇಲ್ಲೇ ಹುಟ್ಟಿದ, ಇಲ್ಲೇ ಸತ್ತ. ನನ್ನ ಮಗಳು ಹಡಿಯಾಕ ಬಂದಾಳ. ಹೊರಗ ಹೋಗಂದ್ರ ಹೋಗ್ತೀವ್ರಿ. ಎಲ್ಲಿಗಿ ಅಂತ ಯಾರೂ ಹೇಳವಲ್ರು. ಉಳಿ ಎಲ್ಲಾದ್ರೂ ಒಯ್ಯಬಹುದು, ಗುಡ್ಡಾ ಒಯ್ಯಾಕ ಬರ್ತದೇನ್ರಿ?"

ನಾನು ಏನೋ ಒಂದು ಸಮಾಧಾನ ಹೇಳಿ ಬಂದೆ. ಅದು ಯಾರಿಗೂ ಸಮಾಧಾನ ಕೊಡುವಂಥ ಮಾತಾಗಿರಲಿಲ್ಲ.

ಇದೇ ಪಟ್ಟೆ ಎಲ್ಲಿಯವರೆಗೆ ಹಬ್ಬಿದೆ ನೋಡೋಣ ಎಂದು ಹಿರಿಯರು ನನ್ನನ್ನು ಯಂತ್ರದೊಂದಿಗೆ ಚೀಕಲಪರ್ವಿಯ ಕಡೆಯ ಇನ್ನೊಂದು ಗುಡ್ಡಕ್ಕೆ ಅಟ್ಟಿದರು. ಅಲ್ಲಿಯೂ ಎರಡರಷ್ಟು ಎಣಿಕೆ. ವಾಪಸು ಬರುವಾಗ ಪೋತ್ನಾಳದ ಹೊರಗೆ ಗಾಡಿಯ ಚಕ್ರ ಎರೆ ಮಣ್ಣಿನಲ್ಲಿ ಹೂತುಕೊಂಡಿತು. ಗಾಡಿಯವನು ಎತ್ತು ಬಿಚ್ಚಿ, ಜನ ಕರೆತರುತ್ತೇನೆಂದು ಊರೊಳಗೆ ಹೋದ. ನಾನು ಹೊಲದ ಬದುವಿನ ಮೇಲೆ ಪೆಟ್ಟಿಗೆಯ ಪಕ್ಕ ಕುಳಿತೆ. ಹೊತ್ತು ಹೋಗಲೆಂದು ಹೆಡ್‌ಫೋನು ಹಾಕಿಕೊಂಡೆ.

ಟಿಕ್ ಟಿಕ್ ಟಿಕ್. ಹೆಚ್ಚುಕಡಿಮೆ ಗುಡ್ಡದ ಮೇಲಿದ್ದಷ್ಟೇ ಜೋರು.

ಸುತ್ತ ಎಲ್ಲಿಯೂ ಬಂಡೆಯಿಲ್ಲ. ಕಾಲ ಕೆಳಗೆ ಆಳೆತ್ತರದ ಕಪ್ಪು ಮಣ್ಣು. ರಾಯಚೂರಿನ ಹೊರಗೆ ನಾನು ಹಿನ್ನೆಲೆ ತೆಗೆದದ್ದೂ ಇಂಥದೇ ಮಣ್ಣಿನಲ್ಲಿ. ಮತ್ತೆ ಎಣಿಸಿದೆ, ಅದೇ ಬಂತು. ಯಂತ್ರ ಒದ್ದೆಯಾದ ಮೇಲೆ ಹಿನ್ನೆಲೆಯನ್ನು ನಾನು ಮತ್ತೆ ತೆಗೆದಿರಲೇ ಇಲ್ಲ. ಗುಡ್ಡ ಮಾತಾಡುತ್ತಿದೆ ಎಂದು ನಾವು ಹುಕುಂ ತರಿಸಿದ್ದೆವು. ಮಾತಾಡುತ್ತಿದ್ದದ್ದು ಗುಡ್ಡವಲ್ಲ.

ಗುಡ್ಡದ ಬುಡದ ಬಿಡಾರಕ್ಕೆ ಬಂದು ಒಂದೊಂದಾಗಿ ಪರೀಕ್ಷಿಸಿದೆ. ಹೊಸ ಬ್ಯಾಟರಿ ಹಾಕಿದೆ, ಎಣಿಕೆ ಅಲ್ಲಾಡಲಿಲ್ಲ. ವಾಲ್ವು ಬದಲಿಸಿದೆ, ಅಲ್ಲಾಡಲಿಲ್ಲ. ಉಳಿದದ್ದು ಒಂದೇ ದಾರಿ. ಹಿರಿಯರ ಕಟ್ಟಪ್ಪಣೆಯನ್ನು ಪಕ್ಕಕ್ಕಿಟ್ಟು, ಉಸಿರು ಬಿಗಿಹಿಡಿದು ಕೊಳವೆಯನ್ನು ಪೆಟ್ಟಿಗೆಯಿಂದ ಎತ್ತಿ ಕಂಬಳಿಯ ಮೇಲಿಟ್ಟೆ. ಎಣಿಕೆ ಹಿನ್ನೆಲೆಗೆ ಇಳಿಯಿತು. ಪೆಟ್ಟಿಗೆಯಲ್ಲಿಟ್ಟೆ, ಏರಿತು. ಚೀಲಗಳನ್ನು ತೆಗೆದು ಬರಿ ಪೆಟ್ಟಿಗೆಯಲ್ಲಿಟ್ಟೆ, ಇಳಿಯಿತು. ಅಡಿಗೆಯವ್ವ ಹೊಲಿದ ಬೂದಿ ಚೀಲಗಳೇ ಟಿಕ್ ಎನ್ನುತ್ತಿದ್ದವು.

ಹಿರಿಯರಿಗೆ ತೋರಿಸಿದೆ. ಅವರು ದಡ್ಡರಲ್ಲ. ತಾವೇ ಚೀಲಗಳನ್ನು ಇಟ್ಟು, ತೆಗೆದು ಕೇಳಿದರು. ಆಮೇಲೆ ಅವರು ಹೇಳಿದ್ದು ನಾನು ಎಣಿಸಿರದ ಮಾತು.

"ಇದು ಇನ್ನೂ ಒಳ್ಳೇ ಸುದ್ದಿ ಕಣ್ರೀ. ಬೂದಿ ಎಲ್ಲಿಂದ ಬಂತು? ಹತ್ತಿ ಗಿಡದಿಂದ. ಗಿಡಕ್ಕೆ ಎಲ್ಲಿಂದ ಬಂತು? ಮಣ್ಣಿಂದ. ಅಂದ್ರೆ ಈ ಸೀಮೆಯ ಮಣ್ಣಲ್ಲೇ ಯುರೇನಿಯಂ ಇದೆ. ಗುಡ್ಡ ಒಂದೇ ಅಲ್ಲ, ಹೊಲಗಳನ್ನೂ ನೋಡಬೇಕು."

"ಸರ್, ಅದು ಪೊಟ್ಯಾಸಿಯಂ ಇರಬಹುದು," ಅಂದೆ. "ಬೂದಿ ತುಂಬ ಅದೇ ಇರುತ್ತದೆ."

"ಪೊಟ್ಯಾಸಿಯಂ ಗಾಮಾ ಕೊಡುತ್ತಾ? ಅದರ ಕಿರಣ ನಿಮ್ಮ ಹಿತ್ತಾಳೆ ಕವಚ ದಾಟಲ್ಲ."

ಅವರ ಮಾತಿನಲ್ಲಿ ಅರ್ಧ ಸರಿ ಇತ್ತು. ಪೊಟ್ಯಾಸಿಯಂನಲ್ಲಿ ಹತ್ತು ಸಾವಿರಕ್ಕೊಂದರಂತೆ ಒಂದು ಜಾತಿಯ ಪರಮಾಣುವಿದೆ. ಅವುಗಳಲ್ಲಿ ಹೆಚ್ಚಿನವು ತಮ್ಮ ಬೀಜದಿಂದ, ಅಂದರೆ ನ್ಯೂಕ್ಲಿಯಸ್ಸಿನಿಂದ, ಎಲೆಕ್ಟ್ರಾನೊಂದನ್ನು ಹೊರಗೆಸೆದು ಕ್ಯಾಲ್ಸಿಯಂ ಆಗುತ್ತವೆ. ಹಾಗೆ ಎಸೆದ ಎಲೆಕ್ಟ್ರಾನು ನಮ್ಮ ಹಿತ್ತಾಳೆಯನ್ನು ದಾಟುವುದಿಲ್ಲ, ನಿಜ. ಆದರೆ ಉಳಿದ ಕೆಲವು ತದ್ವಿರುದ್ಧದ ಕೆಲಸ ಮಾಡುತ್ತವೆ ಎಂದು ಹೈದರಾಬಾದಿನ ಗ್ರಂಥಾಲಯದಲ್ಲಿ ಒಂದು ಪತ್ರಿಕೆಯಲ್ಲಿ ಓದಿದ್ದೆ. ಅವುಗಳಲ್ಲಿ ಬೀಜಕ್ಕೆ ತೀರ ಹತ್ತಿರ ಸುತ್ತುವ ಎಲೆಕ್ಟ್ರಾನೇ ಬೀಜದೊಳಗೆ ಹೋಗಿಬಿಡುತ್ತದೆ. ಒಳಗಿನ ಒಂದು ಪ್ರೋಟಾನು ಅದರೊಡನೆ ಕೂಡಿ ನ್ಯೂಟ್ರಾನಾಗುತ್ತದೆ. ತೂಕ ಇದ್ದಷ್ಟೇ, ಆದರೆ ಪ್ರೋಟಾನುಗಳು ಹತ್ತೊಂಬತ್ತು ಇದ್ದದ್ದು ಹದಿನೆಂಟಾಗುತ್ತವೆ, ಪೊಟ್ಯಾಸಿಯಂ ಹೋಗಿ ಆರ್ಗಾನ್ ಎಂಬ ಅನಿಲವಾಗುತ್ತದೆ. ನ್ಯೂಟ್ರಿನೋ ಎಂಬ ಕಣವೊಂದು ಸದ್ದಿಲ್ಲದೆ ಹೊರಟುಹೋಗುತ್ತದಂತೆ. ಆಗ ಅದನ್ನು ಯಾರೂ ಹಿಡಿದಿರಲಿಲ್ಲ, ಲೆಕ್ಕ ಸರಿದೂಗಲು ನಂಬಿದ್ದರು ಅಷ್ಟೇ. ಹೊಸ ಬೀಜ ಇನ್ನೂ ಕುದಿಯುತ್ತಿರುತ್ತದೆ. ಅದು ಒಂದು ಗಟ್ಟಿ ಗಾಮಾ ಕಿರಣವನ್ನು ಹೊರಹಾಕಿ ತಣ್ಣಗಾಗುತ್ತದೆ. ಹಿತ್ತಾಳೆ ದಾಟಿ ಬರುವುದು ಅದು.

ಇಷ್ಟನ್ನೂ ಹಿರಿಯರಿಗೆ ಹೇಳಿದೆ. ಅವರು ನಕ್ಕರು.

"ಎಲೆಕ್ಟ್ರಾನ್ ಒಳಗೆ ಹೋಯ್ತು ಅನ್ನೋದನ್ನ ನೀವು ನೋಡಿದೀರಾ?"

"ಇಲ್ಲ ಸರ್."

"ನಾನೂ ನೋಡಿಲ್ಲ. ನಾಳೆ ನಾನು ರಾಯಚೂರಿಗೆ ಹೋಗ್ತೀನಿ. ವರದಿಗೆ ಸಹಿ ಹಾಕಿ ಕೊಡಿ."

"ಹಾಕುವುದಿಲ್ಲ," ಅಂದೆ.

ಆ ಮಾತು ಹೇಗೆ ಬಂತೋ ನನಗೇ ತಿಳಿಯದು. ತಾತ್ಕಾಲಿಕ ನೌಕರಿಯವನು, ಒಂದು ಚೀಟಿ ಬರೆದರೆ ಮನೆಗೆ ಹೋಗುವವನು. ಆದರೆ ಎಣಿಕೆ ನನ್ನದು. ತಪ್ಪು ಎಂದು ಗೊತ್ತಿರುವ ಎಣಿಕೆಯ ಕೆಳಗೆ ಹೆಸರು ಬರೆಯಲು ಕೈ ಏಳಲಿಲ್ಲ. ಹಿರಿಯರು ವರದಿಯನ್ನು ಮಡಿಸಿಟ್ಟು, "ನಾನು ವಾಪಸು ಬರೋದರೊಳಗೆ ತೋರಿಸಿ. ಇಲ್ಲದಿದ್ದರೆ ನಿಮ್ಮ ಹಾಸಿಗೆ ಕಟ್ಟಿ," ಅಂದರು. ಅವರು ಬರುವುದು ಸಂತೆಯ ದಿನ. ಗುಡಿಸಲುಗಳು ಖಾಲಿಯಾಗಬೇಕಾದದ್ದೂ ಅಂದೇ.

ಪ್ರಯೋಗಾಲಯವಿಲ್ಲ, ಔಷಧಿಗಳಿಲ್ಲ. ನನ್ನ ಬಳಿ ಇದ್ದದ್ದು ಬೂದಿ ಮತ್ತು ಒಲೆ. ಯೋಚಿಸಿ ನೋಡಿದರೆ ಅಷ್ಟು ಸಾಕಿತ್ತು. ಬೂದಿಯ ಪೊಟ್ಯಾಸಿಯಂ ನೀರಿನಲ್ಲಿ ಕರಗುತ್ತದೆ. ಯುರೇನಿಯಂ ಇದ್ದಲ್ಲಿ ರೇಡಿಯಂ ಇರಲೇಬೇಕು. ಜೋರು ಗಾಮಾ ಬರುವುದು ಆ ರೇಡಿಯಂ ಪರಿವಾರದಿಂದ, ಅದು ಇಂಥ ನೀರಿನಲ್ಲಿ ಕರಗದೆ ಮಡ್ಡಿಯಲ್ಲೇ ಉಳಿಯುತ್ತದೆ. ಬೂದಿಯನ್ನು ತೊಳೆಯಬೇಕು. ಟಿಕ್ ನೀರಿನ ಜೊತೆ ಹೋದರೆ ಪೊಟ್ಯಾಸಿಯಂ, ಮಡ್ಡಿಯಲ್ಲಿ ಉಳಿದರೆ ಹಿರಿಯರ ಮಾತೇ ಸರಿ.

ಅಡಿಗೆಯವ್ವನಿಗೆ ಚೀಲ ಬಿಚ್ಚು ಎಂದೆ. ಅವಳು ಸೊಂಟದ ಮೇಲೆ ಕೈಯಿಟ್ಟಳು.

"ನಾ ಹೊಲದದ್ದು ಯಾಕ ಬಿಚ್ಚಲಿ? ಏನ ತಪ್ಪಾತು?"

"ನಿನ್ನದೇನೂ ತಪ್ಪಿಲ್ಲ ಯವ್ವಾ. ಬೂದೀನ ಟಿಕ್ ಅಂತದ."

"ಒಲ್ಯಾಗ ಸುಟ್ಟು ಬೂದಿ ಆದ ಮ್ಯಾಲೂ ಅದರೊಳಗ ಇನ್ನೇನ ಜೀವ ಉಳದದ?" ಎಂದು ಗೊಣಗುತ್ತಲೇ ಹೊಲಿಗೆ ಬಿಚ್ಚಿದಳು.

ತಳ ತೂತಾದ ಗಡಿಗೆಗಳಿಗೆ ಹುಲ್ಲು ಹಾಸಿ ಬೂದಿ ತುಂಬಿದೆವು. ಮೇಲೆ ನೀರು ಹೊಯ್ದರೆ ಕೆಳಗೆ ಚಹಾ ಬಣ್ಣದ ನೀರು ಇಳಿಯಬೇಕು. ನೀರು ಬಹಳ ಬೇಕಿತ್ತು, ನಮ್ಮ ನೀರು ಸಾಲದು. ಹತ್ತಿರದ ಬಾವಿ ಕಲ್ಲೊಡೆಯುವವರದು. ಮುತ್ಯಾನಿಗೆ ಸುಳ್ಳು ಆಸೆ ಹುಟ್ಟಿಸದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಹೀಗಾದರೆ ನೀವು ಉಳಿಯುತ್ತೀರಿ, ಹಾಗಾದರೆ ಹೋಗುತ್ತೀರಿ ಎಂದು. ಅವನು ಎದ್ದು ಹೋದ. ಸ್ವಲ್ಪ ಹೊತ್ತಿಗೆ ಅವರ ಹೆಂಗಸರು ಸಾಲಾಗಿ ಕೊಡ ಹೊತ್ತು ಬಂದರು. ಅಡಿಗೆಯವ್ವ ಒಂದು ಕ್ಷಣ ತಡವರಿಸಿ, "ಬೂದಿಗಿ ನಡೀತದ. ಅಡಿಗಿಗಿ ಬ್ಯಾಡ," ಅಂದು ಗಡಿಗೆಗಳನ್ನು ತೋರಿಸಿದಳು.

ಇಳಿದ ನೀರನ್ನು ಕಬ್ಬಿಣದ ಕಡಾಯಿಯಲ್ಲಿ ಕುದಿಸಿ ಬತ್ತಿಸಿದೆವು. ಆ ನೀರು ಬೆರಳಿಗೆ ತಾಗಿದರೆ ಚರ್ಮ ಜಾರಿದಂತಾಗಿ ಆಮೇಲೆ ಉರಿಯುತ್ತದೆ. ನನ್ನ ಬೆರಳುಗಳು ಸುಲಿದವು. ಅಡಿಗೆಯವ್ವ ಬೈಯುತ್ತ ಎಣ್ಣೆ ಹಚ್ಚಿದಳು. ತಳದಲ್ಲಿ ಮಾಸಲು ಬಿಳಿ ಉಪ್ಪು ಉಳಿಯಿತು. ಅದನ್ನು ಚೀಲಗಳಲ್ಲಿ ತುಂಬಿ ಪೆಟ್ಟಿಗೆಯಲ್ಲಿ ಕೊಳವೆಯ ಸುತ್ತ ಜೋಡಿಸಿ ಹೆಡ್‌ಫೋನು ಹಾಕಿಕೊಂಡೆ. ಮೊದಲು ಟಿಕ್ ಟಿಕ್ ಕೇಳಿ ಎದೆ ಹಿಗ್ಗಿತು. ನೋಡನೋಡುತ್ತ ಅದು ಹುರಿಗಡಲೆಯ ಚಟಪಟವಾಯಿತು. ಆ ಉಪ್ಪು ಗಾಳಿಯ ತೇವವನ್ನೆಲ್ಲ ಹೀರಿ ಬೆವರುತ್ತಿತ್ತು, ಚೀಲ ಒದ್ದೆಯಾಗಿ ವಿದ್ಯುತ್ತು ಸೋರುತ್ತಿತ್ತು. ಅಷ್ಟು ದುಡಿದದ್ದು ನೀರುಪಾಲು.

ಆವತ್ತು ನಿಜಕ್ಕೂ ಕೈ ಚೆಲ್ಲಿ ಕುಳಿತೆ. ಎದುರಿನಲ್ಲಿ ಮುತ್ಯಾನ ಮಂದಿ ಗುಡಿಸಲುಗಳ ಮೇಲಿನ ಹುಲ್ಲು ಇಳಿಸುತ್ತಿದ್ದರು. ಬೇರೆಡೆ ಹೋದರೆ ಹುಲ್ಲಾದರೂ ಬೇಕಲ್ಲ. ಬಸುರಿ ಮಗಳು ಗಾಡಿಯ ನೆರಳಿನಲ್ಲಿ ಕುಳಿತು ಒಂದೊಂದೇ ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಅದನ್ನು ನೋಡುತ್ತ ಕುಳಿತಿರಲು ಆಗಲಿಲ್ಲ. ಎದ್ದು ಮಾನ್ವಿಗೆ ನಡೆದೆ. ಅಂಗಡಿಗಳಲ್ಲಿ ಖಾಲಿ ಪುಟ್ಟ ತಗಡಿನ ಡಬ್ಬಿಗಳನ್ನು ಕೇಳಿ ಪಡೆದೆ. ಸಿಡಿಮದ್ದು ಮಾಡುವವನಿಂದ ಪೆಟ್ಲುಪ್ಪು ಕೊಂಡೆ, ಪಟಾಕಿಗೆ ಹಾಕುವ ಈ ಉಪ್ಪು ಪೊಟ್ಯಾಸಿಯಂನದೇ. ಜೊತೆಗೆ, ಹೋಲಿಸಿ ನೋಡಲು, ಪೊಟ್ಯಾಸಿಯಂ ಇಲ್ಲದ ಅಡಿಗೆ ಉಪ್ಪು.

ಬೂದಿಯ ಉಪ್ಪನ್ನು ಮತ್ತೆ ಹುರಿದು, ಬಿಸಿಯಿರುವಾಗಲೇ ಡಬ್ಬಿಗೆ ತುಂಬಿ, ಬಾಯಿಗೆ ಮೇಣ ಹಚ್ಚಿ ಮುಚ್ಚಿದೆ. ತೊಳೆದ ಮಡ್ಡಿಯನ್ನು ಬಿಸಿಲಲ್ಲಿ ಒಣಗಿಸಿ ಬೇರೆ ಡಬ್ಬಿಗಳಿಗೆ ತುಂಬಿದೆ. ಪೆಟ್ಲುಪ್ಪಿಗೆ, ಅಡಿಗೆ ಉಪ್ಪಿಗೆ ಬೇರೆ ಬೇರೆ. ಒಂದೊಂದು ಜಾತಿಯ ಡಬ್ಬಿಗಳನ್ನು ಸರದಿಯಂತೆ ಕೊಳವೆಯ ಸುತ್ತ ಇಟ್ಟು ಎಣಿಸಿದೆ. ಅಡಿಗೆ ಉಪ್ಪು ಬರಿ ಹಿನ್ನೆಲೆ. ಮಡ್ಡಿ ಹೆಚ್ಚುಕಡಿಮೆ ಹಿನ್ನೆಲೆಯೇ. ಬೂದಿಯ ಉಪ್ಪು ಟಿಕ್ ಟಿಕ್. ಪೆಟ್ಲುಪ್ಪು ಟಿಕ್ ಟಿಕ್.

ಹೆಡ್‌ಫೋನು ತೆಗೆದಿಟ್ಟು ಸುಮ್ಮನೆ ನಕ್ಕೆ. ಅಡಿಗೆಯವ್ವ ಒಲೆಯ ಮುಂದೆ ಇದ್ದಳು, ಮುತ್ಯಾ ಖಾಲಿ ಕೊಡ ಒಯ್ಯಲು ಬಂದು ಅಂಗಳದ ತುದಿಯಲ್ಲಿ ನಿಂತಿದ್ದ.

"ಏನಾತು ತಮ್ಮಾ? ಹುಚ್ಚು ಹಿಡೀತೇನು?"

"ಯುರೇನಿಯಂ ಅಲ್ಲ ಯವ್ವಾ. ಬೂದ್ಯಾಗಿನ ಉಪ್ಪಿಂದು ಈ ಆಟ."

"ಅಡಿಗಿ ಉಪ್ಪು, ಬೂದಿ ಉಪ್ಪು ಎರಡೂ ಬೆಳ್ಳಗ ಅದಾವ. ಒಂದು ಮಾತಾಡ್ತದ, ಒಂದು ಸುಮ್ಮನದ. ಯಾಕ?"

ಉರ್ದುವಿನಲ್ಲಿ ಕೇಳಿದ್ದರೆ ಗಡಗಡ ಹೇಳಿಬಿಡುತ್ತಿದ್ದೆ. ಈಗ ಯೋಚಿಸಬೇಕಾಯಿತು.

"ಪರಮಾಣು ಅಂದ್ರ ಒಂದು ಮನಿ ಅನ್ಕೊ. ಸುತ್ತ ಅಂಗಳದಾಗ ಎಲೆಕ್ಟ್ರಾನ್ ಅಂತ ಸಣ್ಣ ಸಣ್ಣಾವು ತಿರಗತಿರ್ತಾವ. ಅವು ಹೊರಗಿನಾವು, ಮನ್ಯಾಗ ಕಾಲಿಡಂಗಿಲ್ಲ. ಬೆಂಕಿ ಹಚ್ಚಿದ್ರ ಅಂಗಳದಾಗ ಗದ್ದಲ ಆಗ್ತದ, ಮನಿಗಿ ಏನೂ ಆಗಂಗಿಲ್ಲ. ಅದಕ್ಕ ಸುಟ್ಟ ಮ್ಯಾಲೂ ಬೂದ್ಯಾಗ ಅದು ಹಂಗ ಉಳದದ. ಆದ್ರ ಈ ಉಪ್ಪಿನ ಕೆಲವು ಮನಿಯೊಳಗ, ಬಾಗಲ ಹತ್ರ ಇದ್ದ ಒಂದು ಎಲೆಕ್ಟ್ರಾನು ಎಂದೋ ಒಮ್ಮೆ ಒಳಗ ಹೋಗಿಬಿಡ್ತದ."

"ಹೋದ್ರ?"

"ಹೋದದ್ದು ಹೊಳ್ಳಿ ಬರಂಗಿಲ್ಲ. ಒಳಗಿನವರೊಳಗ ಒಂದಾಗಿ ಹೋಗ್ತದ. ಮನಿ ಹೆಸರೇ ಬದಲಾಗ್ತದ. ಆ ಗದ್ದಲದಾಗ ಒಂದು ಕಿರಣ ಹೊರಗ ಬರ್ತದ. ಟಿಕ್ ಅನ್ನೋದು ಅದಕ್ಕ."

ಅಡಿಗೆಯವ್ವ ಒಪ್ಪಲಿಲ್ಲ. "ಮನಿ ಅಳ್ಯಾ ಬಂದ್ರ ಅಳ್ಯಾನ ಹೆಸರು ಹೋಗ್ತದ. ಮನಿ ಹೆಸರು ಯಾಕ ಹೋಗ್ಬೇಕು?"

"ಇಲ್ಲಿ ಮನೀದೇ ಹೋಗ್ತದ ಯವ್ವಾ."

ಮುತ್ಯಾ ದೂರದಿಂದಲೇ ಕೇಳಿದ. "ಬಂದಾವ ಅಷ್ಟು ಸಣ್ಣಾವ ಅಂತೀರಿ. ಅವ ಒಳಗ ಕಾಲಿಟ್ಟಿದ್ದಕ್ಕ ಇಡೀ ಮನಿ ಬದಲಾತೇನ್ರಿ?"

"ಹೌದು ಮುತ್ಯಾ."

ಅವನು ಕೊಡ ಎತ್ತಿಕೊಂಡು ಹೋದ. ಅಡಿಗೆಯವ್ವ ಒಲೆಗೆ ತಿರುಗಿಕೊಂಡು ರೊಟ್ಟಿ ಬಡಿದಳು.

ಹಿರಿಯರು ಸಂತೆಯ ದಿನ ಬಂದರು. ನನ್ನ ಎಣಿಕೆಗಳನ್ನು ಓದಲಿಲ್ಲ. ಡಬ್ಬಿಗಳನ್ನೆಲ್ಲ ಗುಡಾರದೊಳಗೆ ಒಯ್ದು ಬಟ್ಟೆ ಸುತ್ತಿ, ಗುಂಪು ಗುಂಪಾಗಿ ಪೆಟ್ಟಿಗೆಯಲ್ಲಿ ತಾವೇ ಜೋಡಿಸಿ, ಮುಚ್ಚಳ ಹಾಕಿ ನನ್ನನ್ನು ಕರೆದರು. "ಯಾವುದು ಒಳಗಿದೆ, ಕಿವಿಯಿಂದ ಹೇಳಿ," ಅಂದರು. ಎಣಿಸಿ ಹೇಳಿದೆ. ಮತ್ತೆ ಬದಲಿಸಿದರು, ಮತ್ತೆ ಹೇಳಿದೆ. ಅಡಿಗೆ ಉಪ್ಪಿಗೂ ಮಡ್ಡಿಗೂ ನನಗೆ ಭೇದ ತಿಳಿಯಲಿಲ್ಲ, ತಿಳಿಯುವಂತೆಯೂ ಇರಲಿಲ್ಲ. ಟಿಕ್ ಎನ್ನುವ ಉಪ್ಪುಗಳನ್ನು ಒಮ್ಮೆಯೂ ತಪ್ಪಲಿಲ್ಲ. ಕೊನೆಗೆ ಅವರೇ ಹೆಡ್‌ಫೋನು ಹಾಕಿಕೊಂಡು ಕುಳಿತರು.

"ಮತ್ತೆ ಗುಡ್ಡ?" ಎಂದು ಕೇಳಿದರು.

ಬೂದಿಯಿಲ್ಲದ ಪೆಟ್ಟಿಗೆಯನ್ನು ಗುಡ್ಡಕ್ಕೆ ಹೊತ್ತೆವು. ಎಣಿಕೆ ಎರೆ ಹೊಲಕ್ಕಿಂತ ತುಸು ಹೆಚ್ಚಿತ್ತು. ಆ ಕೆಂಪು ಹರಳಿನಲ್ಲೂ ಪೊಟ್ಯಾಸಿಯಂ ಇದೆ. "ತುಸು ಹೆಚ್ಚು ಅಂದ್ರೆ ಹೆಚ್ಚೇ ತಾನೇ," ಎಂದು ಅವರು ಕೊನೆಯ ಎಳೆ ಹಿಡಿದರು. ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಅಂದೇ ಬಸ್ಸಿಗೆ ರಾಯಚೂರಿಗೆ ಹೋಗಿ, ನಾನು ಆಡಿ ಬೆಳೆದ ಕೋಟೆಯ ಗೋಡೆಗೆ ಪೆಟ್ಟಿಗೆ ಆನಿಸಿ ಎಣಿಸಿದೆವು. ಗುಡ್ಡದಷ್ಟೇ ಬಂತು.

"ಗುಡ್ಡ ಮುಚ್ಚಿಸಿದರೆ ಇದನ್ನೂ ಮುಚ್ಚಿಸಬೇಕಾಗುತ್ತದೆ ಸರ್," ಅಂದೆ.

ಹಿರಿಯರು ಕೋಟೆಯ ದೈತ್ಯ ಕಲ್ಲುಗಳನ್ನು ಕೆಳಗಿನಿಂದ ಮೇಲಿನತನಕ ನೋಡಿದರು. ಅವರಿಗೆ ನಿರಾಸೆಯಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಅಲ್ಲೇ ಕಟ್ಟೆಯ ಮೇಲೆ ಕುಳಿತು ಹುಕುಂ ಹಿಂತೆಗೆದುಕೊಳ್ಳಬೇಕೆಂದು ತಮ್ಮ ಕೈಯಿಂದಲೇ ಬರೆದರು. ಆಮೇಲೆ, "ಹಾಸಿಗೆ ಬಿಚ್ಚಿಕೊಳ್ಳಿ," ಅಂದರು.

ನಾನು ಮಾನ್ವಿಗೆ ಮರಳಿದ್ದು ಬಿಡಾರ ಕಿತ್ತು ಅಡಿಗೆಯವ್ವನನ್ನು ದೇವದುರ್ಗಕ್ಕೆ ಮುಟ್ಟಿಸಲು. ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. ಇಳಿಸಿದ ಹುಲ್ಲನ್ನು ಮತ್ತೆ ಏರಿಸುತ್ತಿದ್ದರು. ತಮ್ಮನ್ನು ಹೊರಗಿಡಲೆಂದು ತಾವೇ ಕಡಿದ ಗಡಿಕಲ್ಲುಗಳನ್ನು ಉದ್ದಕ್ಕೆ ಮಲಗಿಸಿ, ಸರ್ಕಾರದ ಅಕ್ಷರ ಕೆತ್ತಿದ ಬದಿ ಕೆಳಗೆ ಮಾಡಿ, ಒಂದೊಂದು ಗುಡಿಸಲಿಗೆ ಒಂದರಂತೆ ಹೊಸ್ತಿಲು ಕೂರಿಸಿದ್ದರು. ಮುತ್ಯಾನ ಗುಡಿಸಲಿನೊಳಗಿಂದ ಎಳೆಗೂಸಿನ ಅಳು ಕೇಳುತ್ತಿತ್ತು.

ಮುತ್ಯಾ ನನ್ನನ್ನು ಕಂಡು ಬಂದ. "ಇನ್ನೂ ಟಿಕ್ ಅಂತದೇನ್ರಿ ನಮ್ಮ ಗುಡ್ಡಾ?"

"ಅಂತದ ಮುತ್ಯಾ. ನಮ್ಮ ಕ್ವಾಟೀನೂ ಅಂತದ. ನಿನ್ನ ಮೈಯಾಗ, ನನ್ನ ಮೈಯಾಗ ಸೈತ ಆ ಉಪ್ಪದ."

"ಎಲ್ಲಾರ ಮೈಯಾಗೂ ಒಂದೇ ಉಪ್ಪೇನ್ರಿ?"

"ಒಂದೇ."

ಅವನು ಒಳಗಿಂದ ಹೊಸ ಕೊಡ ತಂದ. ಅಭ್ಯಾಸದಂತೆ ದೂರದಲ್ಲಿ ಇಡಲು ಬಗ್ಗಿದ. ಗಾಡಿಯಲ್ಲಿ ಕುಳಿತಿದ್ದ ಅಡಿಗೆಯವ್ವ ಕೆಳಗಿಳಿದಳು. ಸೀರೆಯ ನೆರಿಗೆ ಎತ್ತಿ ಹಿಡಿದು ನೆಟ್ಟಗೆ ನಡೆದು ಬಂದಳು. ಸಿಟ್ಟಾದಾಗ ಹೇಗಿರುತ್ತಿದ್ದಳೋ ಮುಖ ಹಾಗೇ ಇತ್ತು. ಏನಾಗುತ್ತದೋ ಎಂದು ನನಗೆ ಒಳಗೊಳಗೇ ಅಳುಕು.

"ಅಲ್ಲ್ಯಾಕ ಇಡ್ತೀದಿ?" ಎಂದು ಮುತ್ಯಾನನ್ನು ಗದರಿದಳು. "ಬಾಣಂತಿ ಇದ್ದ ಮನಿಗಿ ಬಂದು ಕೂಸಿನ ಮಾರಿ ನೋಡದ ಹೋಗ್ತಾರೇನು? ನೀರು ಒಳಗ ತಾ, ಅಲ್ಲೇ ಕುಡೀತೀನಿ."

ಹೀಗೆಂದು, ಹೊಸ್ತಿಲಾಗಿದ್ದ ಆ ಗಡಿಕಲ್ಲನ್ನು ದಾಟಿ ಒಳಗೆ ಹೋದಳು.